ಚುಕ್ಕಾಣಿ ಹಿಡಿದವನ ಪಾಡು

ಬೆಳಗ್ಗೆ ಕಾಫಿ ಲೋಟ ಹಿಡಿದು ಪತ್ರಿಕೆ ಬಿಡಿಸಿದರೆ ಸಾಕು, ಯಾರಾದರೊಬ್ಬರು ಚುಕ್ಕಾಣಿ ಹಿಡಿದಿರುತ್ತಾರೆ. ಒಂದು ದಿನ ಪಕ್ಷದ ಚುಕ್ಕಾಣಿ, ಇನ್ನೊಂದು ದಿನ ಸಹಕಾರಿ ಸಂಘದ ಚುಕ್ಕಾಣಿ, ಮೊನ್ನೆ ನಮ್ಮೂರ ಜಾತ್ರಾ ಸಮಿತಿಯ ಚುಕ್ಕಾಣಿ. ಫೋಟೊದಲ್ಲಿ ಕೊರಳಿಗೆ ಹಾರ, ಹೆಗಲಿಗೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ. ಚುಕ್ಕಾಣಿಯೊಂದು ಮಾತ್ರ ಎಲ್ಲಿಯೂ ಕಾಣುವುದಿಲ್ಲ. ಅರ್ಧ ಆಯುಷ್ಯ ಹಡಗಿನಲ್ಲಿ ಕಳೆದು ಬಂದ ನನಗೆ ಇದನ್ನು ಓದಿದಾಗೆಲ್ಲ ನಗು ಬರುತ್ತದೆ. "ಒಬ್ಬರೇ ನಗಬೇಡಿ, ಬಾಗಿಲಲ್ಲಿ ಹಾಲಿನವನು ನಿಂತಿದ್ದಾನೆ" ಎಂದು ಹೆಂಡತಿ ಒಳಗಿನಿಂದ ಎಚ್ಚರಿಸುತ್ತಾಳೆ.

ನಗುವುದಕ್ಕೆ ಕಾರಣ ಇಷ್ಟೇ. ಹಡಗಿನ ಬ್ರಿಜ್‌ನಲ್ಲಿ, ಅಂದರೆ ಹಡಗು ನಡೆಸುವ ಆ ಎತ್ತರದ ಕೋಣೆಯಲ್ಲಿ, ಚುಕ್ಕಾಣಿ ಹಿಡಿದವನಷ್ಟು ಕಡಿಮೆ ಅಧಿಕಾರದವನು ಇನ್ನೊಬ್ಬನಿಲ್ಲ. ತಾನಾಗಿ ಅವನು ಹಡಗಿನ ದಾರಿಯನ್ನು ಒಂದು ಡಿಗ್ರಿಯೂ ಬದಲಿಸುವಂತಿಲ್ಲ. ಅಧಿಕಾರಿ "ಪೋರ್ಟ್ ಟೆನ್" (ಚುಕ್ಕಾಣಿ ಎಡಕ್ಕೆ ಹತ್ತು ಡಿಗ್ರಿ) ಎಂದರೆ ಅವನೂ "ಪೋರ್ಟ್ ಟೆನ್" ಎನ್ನಬೇಕು. ಚಕ್ರ ತಿರುಗಿಸಿ, ಚುಕ್ಕಾಣಿಯ ಕೋನ ತೋರಿಸುವ ಮುಳ್ಳು ಹತ್ತಕ್ಕೆ ಬಂದ ಮೇಲೆ "ವೀಲ್ಸ್ ಪೋರ್ಟ್ ಟೆನ್" ಎಂದು ಇನ್ನೊಮ್ಮೆ ಒಪ್ಪಿಸಬೇಕು. ಥೇಟ್ ನಮ್ಮ ಮೇಷ್ಟ್ರು ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದ ಹಾಗೆ. ಹೇಳಿದ್ದನ್ನು ಕೇಳಿಸಿಕೊಂಡು, ಅದನ್ನೇ ಎರಡು ಸಲ ಹೇಳಿ, ಮಾಡಿ ತೋರಿಸುವವನು ನಿಜವಾದ ಚುಕ್ಕಾಣಿದಾರ. ಪತ್ರಿಕೆಯ ಚುಕ್ಕಾಣಿದಾರರಲ್ಲಿ ಈ ಗುಣ ಇರುವ ಒಬ್ಬರನ್ನಾದರೂ ನೀವು ಕಂಡಿದ್ದರೆ ತಿಳಿಸಿ, ನನ್ನ ಕಡೆಯಿಂದಲೂ ಒಂದು ಶಾಲು.

ಪದವೂ ಕಡಲಿನಿಂದ ಹತ್ತಿ ಬಂದದ್ದೇ. ಅರಬ್ಬಿಯಲ್ಲಿ 'ಸುಕ್ಕಾನ್' ಎಂದರೆ ಹಡಗಿನ ಹಿಂಬದಿಯಲ್ಲಿ ನೀರಿಗಿಳಿದು ತಿರುಗುವ ಹಲಗೆ. ಭಟ್ಕಳ, ಹೊನ್ನಾವರಗಳಲ್ಲಿ ಕುದುರೆ ಇಳಿಸಿ ಮೆಣಸು ತುಂಬಿಕೊಂಡು ಹೋಗುತ್ತಿದ್ದ ಹಾಯಿಹಡಗುಗಳ ಕಾಲದಲ್ಲಿ ಈ ಪದವೂ ಇಳಿದಿರಬೇಕು. ನಾವು ಸಕಾರ ಬಿಟ್ಟು ಚಕಾರ ಎತ್ತಿ ಅದನ್ನು ಕನ್ನಡ ಮಾಡಿಕೊಂಡೆವು. ಭಾರತದ ಹಡಗುಗಳಲ್ಲಿ ಚಕ್ರ ಹಿಡಿಯುವವನಿಗೆ 'ಸುಕಾನಿ' ಎಂದೇ ಹೆಸರು. ಹಡಗಿನ ಬಿರುದುಗಳೆಲ್ಲ ಹಾಗೆಯೇ: ಅಡುಗೆಯವನು ಭಂಡಾರಿ, ಉಗ್ರಾಣದವನು ಕಸಬ್, ಖಲಾಸಿಗಳ ಯಜಮಾನ ಸಾರಂಗ, ದೀಪ-ತಂತಿಗಳ ಅಧಿಕಾರಿ ಬತ್ತಿ ಸಾಬ್. ಮಲ್ಪೆಯ ಮೀನುಗಾರಿಕೆ ಬೋಟುಗಳ ವಿಷಯ ಬೇರೆ. ಅಲ್ಲಿ ಚಕ್ರವೂ ತಾಂಡೇಲನ ಕೈಯಲ್ಲಿ, ತೀರ್ಮಾನವೂ ತಾಂಡೇಲನ ಬಾಯಲ್ಲಿ. ಪತ್ರಿಕೆಯವರ ಚುಕ್ಕಾಣಿ ಬಹುಶಃ ಬೋಟಿನದ್ದು, ಹಡಗಿನದ್ದಲ್ಲ.

ನಾನು ಮೊದಲು ಚಕ್ರ ಮುಟ್ಟಿದ್ದು 1980ರ ದಶಕದಲ್ಲಿ, ಕೆಡೆಟ್ ಆಗಿ, ಒಂದು ಹಳೆಯ ತೈಲ ಹಡಗಿನಲ್ಲಿ. ಕಲಿಸಲು ನಿಂತವನು ಹೊನ್ನಾವರ ಕಡೆಯ ಸುಕಾನಿ. ಐವತ್ತು ದಾಟಿದ್ದ ಅವನನ್ನು ನಾನು ಮಾಮ ಎನ್ನುತ್ತಿದ್ದೆ. ಎಲ್ಲರೆದುರು ಅವನು ನನ್ನನ್ನು ಕೆಡೆಟ್ ಸಾಬ್ ಎನ್ನುತ್ತಿದ್ದ. ಇಬ್ಬರೇ ಇದ್ದಾಗ 'ತಮಾ'. ಕೊಟ್ಟ ದಾರಿಯಿಂದ ಹಡಗು ಬಲಕ್ಕೆ ಎರಡು ಡಿಗ್ರಿ ಸರಿಯಿತು. ನಾನು ಚಕ್ರವನ್ನು ಎಡಕ್ಕೆ ತಿರುಗಿಸಿದೆ. ಏನೂ ಆಗಲಿಲ್ಲ. ಇನ್ನಷ್ಟು ತಿರುಗಿಸಿದೆ. ಆಗಲೂ ಇಲ್ಲ. ಮತ್ತಷ್ಟು. ಆಮೇಲೆ ಹಡಗು ಎದ್ದಿತು ನೋಡಿ, ಹಗ್ಗ ಬಿಚ್ಚಿದ ಕೋಣದ ಹಾಗೆ! ಎಡಕ್ಕೆ ಎಂಟು ಡಿಗ್ರಿ ಓಡಿತು. ಗಾಬರಿಯಲ್ಲಿ ಬಲಕ್ಕೆ ತಿರುಗಿಸಿದೆ. ಹಿಂದೆ ನೋಡಿದರೆ ನಾವು ಬಂದ ದಾರಿ ನೀರಿನ ಮೇಲೆ ಬಿಳಿಯಾಗಿ, ಕೆರೆ ಹಾವಿನಂತೆ ಹೊರಳಾಡುತ್ತ ಬಿದ್ದಿತ್ತು. ಕ್ಯಾಪ್ಟನ್ ಮೇಲೆ ಬಂದವರು ಮೊದಲು ನೋಡಿದ್ದು ಅದನ್ನೇ. "ಸಮುದ್ರದ ಮೇಲೆ ಕಾಪಿ ಬರೆಯುತ್ತಿರುವವರು ಯಾರು?" ಎಂದರು.

ಅವರು ಇಳಿದು ಹೋದ ಮೇಲೆ ಮಾಮ ಮೆಲ್ಲಗೆ ಹೇಳಿದ: "ಎಂತಕ್ಕೆ ಅಷ್ಟು ತಿರುಗಸ್ತ್ಯೋ ತಮಾ? ಹಡಗು ನೀ ಹೇಳಿದ್ದು ಕೇಳ್ತದೆ. ನಿಧಾನ ಕೇಳ್ತದೆ, ಅಷ್ಟೇ. ಒಂದ್ಸಲ ಹೇಳು, ಕಾಯಿ. ಅದು ಬರೂಕೆ ಶುರುವಾಯ್ತಾ, ಬಂದು ಮುಟ್ಟೂ ಮುಂಚೆಯೇ ಚಕ್ರ ಹಿಂದೆ ತಕ್ಕೊ. ಬಂದ ಮೇಲೆ ನಿಲ್ಲಸ್ತೆ ಅಂದ್ರೆ ಅದು ನಿಲ್ಲೂದಿಲ್ಲ."

ಅದೇ ಮಾತನ್ನು 1922ರಲ್ಲಿ ನಿಕೊಲಾಸ್ ಮಿನೊರ್ಸ್ಕಿ ಎಂಬ ರಷ್ಯಾ ಮೂಲದ ಎಂಜಿನಿಯರ್ ಅಮೆರಿಕದಲ್ಲಿ ಕುಳಿತು ಗಣಿತದಲ್ಲಿ ಬರೆದಿದ್ದ ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆತ ನುರಿತ ಸುಕಾನಿಗಳು ಚಕ್ರ ಹಿಡಿಯುವುದನ್ನು ಗಮನಿಸಿದ. ಅವರು ಹಡಗು ಈಗ ಎಷ್ಟು ತಪ್ಪಿದೆ ಎಂಬುದನ್ನಷ್ಟೇ ನೋಡುವುದಿಲ್ಲ. ಇದುವರೆಗೆ ಎಷ್ಟು ತಪ್ಪುತ್ತ ಬಂದಿದೆ, ಎಷ್ಟು ವೇಗದಲ್ಲಿ ತಪ್ಪುತ್ತಿದೆ ಎಂಬುದನ್ನೂ ಸೇರಿಸಿ ಮೂರನ್ನೂ ಒಟ್ಟಿಗೆ ತೂಗುತ್ತಾರೆ ಎಂದು ಕಂಡುಕೊಂಡ. ಅದರಿಂದ ಹುಟ್ಟಿದ ಸೂತ್ರ ಇಂದು ಕಾರ್ಖಾನೆಯ ಬಾಯ್ಲರಿನಿಂದ ಡ್ರೋನಿನವರೆಗೆ ಎಲ್ಲೆಲ್ಲೂ ಕೆಲಸ ಮಾಡುತ್ತಿದೆ. ಮರುವರ್ಷ ಅಮೆರಿಕದ 'ನ್ಯೂ ಮೆಕ್ಸಿಕೊ' ಎಂಬ ಯುದ್ಧನೌಕೆಯಲ್ಲಿ, ಸುಕಾನಿಯಿಲ್ಲದೆ ಚುಕ್ಕಾಣಿ ತಿರುಗಿಸುವ ಅವನ ಯಂತ್ರದ ಪರೀಕ್ಷೆ ನಡೆದು, ಫಲಿತಾಂಶ ಚೆನ್ನಾಗಿಯೇ ಬಂತು. ಆದರೆ ನೌಕಾಪಡೆ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಹಡಗಿನ ಜನಕ್ಕೇ ಅದು ಬೇಡವಾಗಿತ್ತಂತೆ. ನನ್ನ ವಿದ್ಯೆಯನ್ನೇ ಕದ್ದು ಕಬ್ಬಿಣಕ್ಕೆ ಕಲಿಸಿ, ಆ ಕಬ್ಬಿಣವನ್ನು ನನ್ನ ಜಾಗದಲ್ಲಿ ನಿಲ್ಲಿಸುತ್ತೇನೆ ಎಂದರೆ ಯಾವ ಸುಕಾನಿ ಆರತಿ ಎತ್ತುತ್ತಾನೆ?

ಆದರೂ ಕಬ್ಬಿಣ ಬಂದೇ ಬಂತು. ಅದೇ ಕಾಲದಲ್ಲಿ ಎಲ್ಮರ್ ಸ್ಪೆರ್ರಿ ಎಂಬಾತನ ಇಂಥದೇ ಯಂತ್ರ ವ್ಯಾಪಾರಿ ಹಡಗುಗಳಿಗೆ ಹತ್ತಿತು. ನಾವಿಕರು ಅದಕ್ಕೆ 'ಮೆಟಲ್ ಮೈಕ್' ಎಂದು ಹೆಸರಿಟ್ಟರು. ಮೈಕ್‌ಗೆ ಊಟ ಬೇಡ, ನಿದ್ದೆ ಬೇಡ, ಬೀಡಿ ಬೇಡ, ಸಂಬಳವಂತೂ ಬೇಡವೇ ಬೇಡ. ನಮ್ಮ ಹಡಗಿನಲ್ಲಿ ಅದು ಬರೀ 'ಆಟೋ'. "ಆಟೋಗೆ ಹಾಕು" ಎಂದರೆ ಮಾಮನ ಮುಖ ಸ್ವಲ್ಪ ಚಿಕ್ಕದಾಗುತ್ತಿತ್ತು. ಆಮೇಲೆ ಅವನು ಹೊರಗಿನ ಮೂಲೆಯಲ್ಲಿ ನಿಂತು ಕತ್ತಲು ನೋಡುವ ಕೆಲಸಕ್ಕೆ ಹೋಗುತ್ತಿದ್ದ.

ಯಂತ್ರ ಬರುವ ಮೊದಲು ಎಲ್ಲ ಸುಲಭವಾಗಿತ್ತು ಎಂದೇನಲ್ಲ. ದೋಣಿಯ ಹಿಂದೆ ಕುಳಿತು ಚುಕ್ಕಾಣಿಯ ಹಿಡಿಯನ್ನು ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ಹೋಗುತ್ತದೆ. ಚಕ್ರ ಬಂದು ಶತಮಾನಗಳಾದರೂ ಬ್ರಿಟಿಷ್ ಹಡಗುಗಳು ಆಜ್ಞೆಯನ್ನು ಮಾತ್ರ ಆ ಹಿಡಿಯ ಲೆಕ್ಕದಲ್ಲೇ ಕೊಡುತ್ತಿದ್ದವು. 1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್‌ನಲ್ಲಿ ಅಧಿಕಾರಿ ಮರ್ಡಕ್ ನೀಡಿದ ಆಜ್ಞೆ "ಹಾರ್ಡ್ ಎ ಸ್ಟಾರ್‌ಬೋರ್ಡ್", ಅಂದರೆ ಪೂರ್ತಿ ಬಲಕ್ಕೆ. ಚಕ್ರ ಹಿಡಿದಿದ್ದ ರಾಬರ್ಟ್ ಹಿಚೆನ್ಸ್ ಸರಿಯಾಗಿಯೇ ಅರ್ಥ ಮಾಡಿಕೊಂಡು ಹಡಗನ್ನು ಎಡಕ್ಕೆ ತಿರುಗಿಸಿದ! ಬ್ರಿಟನ್ ಈ ಪದ್ಧತಿ ಬಿಟ್ಟದ್ದು 1933ರಲ್ಲಿ. ಬಲಕ್ಕೆ ಎಂದು ಕೂಗಿ ಎಡಕ್ಕೆ ಹೋಗುವ ಆ ಹಳೆಯ ಸಂಪ್ರದಾಯ ನೆಲದ ಮೇಲಿನ ಚುಕ್ಕಾಣಿದಾರರಲ್ಲಿ ಇನ್ನೂ ಉಳಿದಿದೆ ಎಂದು ನನ್ನ ಹೆಂಡತಿಯ ಅಭಿಪ್ರಾಯ. ನಾನು ರಾಜಕೀಯ ಮಾತಾಡುವುದಿಲ್ಲ.

ಇನ್ನು ದಿಕ್ಸೂಚಿ. ರತ್ನಾಗಿರಿಯ ಗೆಳೆಯರು ಅದನ್ನು ಹೋಕಾಯಂತ್ರ ಎನ್ನುತ್ತಿದ್ದರು. ಕೇಳಿದರೆ ಯಾಗಕ್ಕೆ ಬೇಕಾದ ಸಾಮಾನಿನ ಹಾಗಿದೆ. ದಿಕ್ಸೂಚಿ ಉತ್ತರ ತೋರಿಸುತ್ತದೆ ಎಂದು ಶಾಲೆಯಲ್ಲಿ ಬರೆದು ಅಂಕ ಪಡೆದಿದ್ದೇವೆ. ಹಡಗಿಗೆ ಹೋದ ಮೊದಲ ವಾರವೇ ಆ ಅಂಕ ವಾಪಸು ಕೊಡಬೇಕಾಗುತ್ತದೆ. ಕಾಂತದ ಮುಳ್ಳು ತೋರಿಸುವುದು ಭೂಮಿಯ ಕಾಂತೀಯ ಉತ್ತರವನ್ನು. ನಿಜವಾದ ಉತ್ತರ ಬೇರೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಈ ವ್ಯತ್ಯಾಸ ಒಂದೆರಡು ಡಿಗ್ರಿ ಮಾತ್ರ. ಬೇರೆ ಕಡಲುಗಳಲ್ಲಿ ಇಪ್ಪತ್ತು ದಾಟುವುದೂ ಉಂಟು. ಅದು ಸಾಲದೆಂದು ಹಡಗಿನ ಸ್ವಂತ ಕಬ್ಬಿಣವೂ ಮುಳ್ಳನ್ನು ತನ್ನ ಕಡೆ ಎಳೆಯುತ್ತದೆ. ಆ ಎಳೆತವೂ ಹಡಗು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದರ ಮೇಲೆ ಬದಲಾಗುತ್ತದೆ. ಎರಡನ್ನೂ ಕೂಡಿ ಕಳೆದು ನಿಜವಾದ ಉತ್ತರಕ್ಕೆ ಬರುವ ಲೆಕ್ಕದ ಕ್ರಮ ಮರೆಯದಿರಲು ಭಾರತದ ಕೆಡೆಟ್‌ಗಳಿಗೆಲ್ಲ ಒಂದು ಮಂತ್ರೋಪದೇಶವಾಗುತ್ತದೆ: "ಕ್ಯಾಡ್ಬರೀಸ್ ಡೈರಿ ಮಿಲ್ಕ್ ವೆರಿ ಟೇಸ್ಟಿ". ಕಂಪಾಸ್, ಡೀವಿಯೇಷನ್, ಮ್ಯಾಗ್ನೆಟಿಕ್, ವೇರಿಯೇಷನ್, ಟ್ರೂ ಎಂಬ ಐದರ ಮೊದಲಕ್ಷರಗಳು. ಚಾಕೊಲೇಟಿನಿಂದ ಧ್ರುವದವರೆಗೆ ತಲುಪುವ ಇಷ್ಟು ನೇರವಾದ ದಾರಿ ಬೇರೆಲ್ಲೂ ಇಲ್ಲ.

ಹಡಗಿನ ಕಬ್ಬಿಣ ಮುಳ್ಳನ್ನು ಕೆಡಿಸುವುದನ್ನು ಶಿಸ್ತಾಗಿ ಗಮನಿಸಿದವರಲ್ಲಿ ಮುಖ್ಯನಾದವನು, 1800ರ ನಂತರದ ಮೊದಲ ವರ್ಷಗಳಲ್ಲಿ ಆಸ್ಟ್ರೇಲಿಯಾದ ಸುತ್ತ ಹೋಗಿ ನಕ್ಷೆ ಬರೆದ ಮ್ಯಾಥ್ಯೂ ಫ್ಲಿಂಡರ್ಸ್. ಅವನ ಹೆಸರಿನ ಕಬ್ಬಿಣದ ಕಂಬಿಯೊಂದು ಇಂದಿಗೂ ಹಡಗಿನ ದಿಕ್ಸೂಚಿಯ ಪಕ್ಕ ನಿಲ್ಲುತ್ತದೆ. 1870ರ ದಶಕದಲ್ಲಿ ಲಾರ್ಡ್ ಕೆಲ್ವಿನ್ ದಿಕ್ಸೂಚಿಯ ಪೀಠದ ಎಡಬಲಕ್ಕೆ ಎರಡು ಕಬ್ಬಿಣದ ಗುಂಡು ಕೂರಿಸಿದ. ಕಬ್ಬಿಣ ಮಾಡಿದ ತಪ್ಪನ್ನು ಕಬ್ಬಿಣದಿಂದಲೇ ತಿದ್ದುವ ಉಪಾಯ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದು ನಮ್ಮ ಅಜ್ಜಿಯೂ ಹೇಳುತ್ತಿದ್ದಳು. ಹಾಗೆ ತಿದ್ದಿದ ಮೇಲೂ ಉಳಿಯುವ ಚೂರುಪಾರು ತಪ್ಪನ್ನು ಒಂದು ಕಾರ್ಡಿನಲ್ಲಿ ಬರೆದು ತೂಗು ಹಾಕುತ್ತಾರೆ. ತನ್ನ ತಪ್ಪುಗಳ ಪಟ್ಟಿಯನ್ನು ತನ್ನ ಪಕ್ಕದಲ್ಲೇ ತೂಗು ಹಾಕಿಕೊಂಡಿರುವ ಸಜ್ಜನ ಈ ಲೋಕದಲ್ಲಿ ಹಡಗಿನ ದಿಕ್ಸೂಚಿಯೊಂದೇ.

ಈ ಸಜ್ಜನನ ವಾಸ ಬ್ರಿಜ್‌ನ ತಾರಸಿಯ ಮೇಲೆ. ಆ ತಾರಸಿಗೆ ಮಂಕಿ ಐಲೆಂಡ್ ಎಂದು ಹೆಸರು. ಅಲ್ಲಿ ಮಂಗನೂ ಇಲ್ಲ, ಅದು ದ್ವೀಪವೂ ಅಲ್ಲ. ಪಾಳಿಗೊಮ್ಮೆ ಸೂರ್ಯನನ್ನೋ ನಕ್ಷತ್ರವನ್ನೋ ನೋಡಿ, ದಿಕ್ಸೂಚಿ ಎಷ್ಟು ತಪ್ಪಿದೆ ಎಂದು ಲೆಕ್ಕ ಹಾಕಿ ರಿಜಿಸ್ಟರಿನಲ್ಲಿ ಬರೆಯುವುದು ಅಧಿಕಾರಿಯ ಕೆಲಸ. ಒಮ್ಮೆ ಬಂದರಿನ ಹೊರಗೆ ನಾಲ್ಕು ದಿನ ಲಂಗರು ಹಾಕಿ ಕಾದು, ಐದನೆಯ ದಿನ ಹೊರಟಾಗ, ನನ್ನ ಲೆಕ್ಕದಲ್ಲಿ ಕಾರ್ಡಿನಲ್ಲಿದ್ದದ್ದಕ್ಕಿಂತ ಐದು ಡಿಗ್ರಿ ಹೆಚ್ಚು ತಪ್ಪು ಬಂತು. ಮತ್ತೆ ಹಾಕಿದೆ. ಅಷ್ಟೇ ಬಂತು. ಎರಡನೆಯ ಅಧಿಕಾರಿ ನಕ್ಕು, ಪೆನ್ಸಿಲ್ ಕಸಿದುಕೊಂಡು ತಾವೇ ಹಾಕಿದರು. ಅಷ್ಟೇ ಬಂತು, ನಗು ನಿಂತಿತು. ಕೊನೆಗೆ ಏಣಿ ಹತ್ತಿ ನೋಡಿದರೆ, ಭಂಡಾರಿ ಲಂಗರಿನ ದಿನಗಳಲ್ಲಿ ಗಾಳ ಹಾಕಿ ಹಿಡಿದಿದ್ದ ಬಂಗುಡೆಗಳನ್ನು ಉಪ್ಪು ಸವರಿ, ಅಡುಗೆಮನೆಯ ದೊಡ್ಡ ಕಬ್ಬಿಣದ ಕಾವಲಿಯ ಮೇಲೆ ಸಾಲಾಗಿ ಮಲಗಿಸಿ, ಗಾಳಿಗೆ ಹಾರದಿರಲೆಂದು ದಿಕ್ಸೂಚಿಯ ಪೀಠಕ್ಕೆ ಒರಗಿಸಿದ್ದ. "ಬಿಸಿಲು ಅಲ್ಲೇ ಚಲೋ ಬೀಳ್ತದೆ ಸಾಬ್" ಎಂಬುದು ಅವನ ಸಮಜಾಯಿಷಿ. ಕಾವಲಿ ತೆಗೆದ ಕೂಡಲೇ ಮುಳ್ಳು ತನ್ನ ಜಾಗಕ್ಕೆ ಹೋಯಿತು. ತಪ್ಪಿಗೆ ಕಾರಣವಾದ ವಸ್ತುಗಳನ್ನು ಅದೇ ರಾತ್ರಿ ಗಂಜಿಯೊಂದಿಗೆ ವಿಲೇವಾರಿ ಮಾಡಲಾಯಿತು.

ಜೂಲ್ ವರ್ನ್‌ನ 1878ರ ಕಾದಂಬರಿಯೊಂದರಲ್ಲಿ ಖಳನಾಯಕ ದಿಕ್ಸೂಚಿಯ ಕೆಳಗೆ ಕಬ್ಬಿಣದ ತುಂಡು ಇಟ್ಟು, ದಕ್ಷಿಣ ಅಮೆರಿಕಕ್ಕೆ ಹೋಗಬೇಕಾದ ಹಡಗನ್ನು ಆಫ್ರಿಕಾಕ್ಕೆ ಮುಟ್ಟಿಸುತ್ತಾನೆ. ನಮ್ಮ ಭಂಡಾರಿಯ ಕಾವಲಿ ಅಷ್ಟು ದೂರ ಒಯ್ಯುತ್ತಿರಲಿಲ್ಲ. ಆದರೆ ನೆಲದ ಮೇಲೂ ಇಂಥದೇ ಕಾವಲಿಗಳಿವೆ ಎಂದು ಗೊತ್ತಾದದ್ದು ನಿವೃತ್ತಿಯ ಮೇಲೆ.

ನಮ್ಮ ಪಕ್ಕದ ಮನೆಯವರು ಹೊಸ ಮನೆ ಕಟ್ಟಿಸಿ, ಗೃಹಪ್ರವೇಶಕ್ಕೆ ಮೊದಲು ವಾಸ್ತು ನೋಡಿಸಿದರು. ಬಂದವರು ಅಂಗಳದ ನಡುವೆ ನಿಂತು, ಪುಸ್ತಕದಂತೆ ಮುಚ್ಚುವ ಕವರಿನೊಳಗಿದ್ದ ಫೋನನ್ನು ಅಂಗೈ ಮೇಲೆ ಮಲಗಿಸಿ, ಹುಬ್ಬು ಗಂಟಿಕ್ಕಿದರು. "ನಿಮ್ಮ ಸಂಪು ಈಶಾನ್ಯದಲ್ಲಿಲ್ಲ, ಆಗ್ನೇಯದಲ್ಲಿದೆ. ಬೆಂಕಿಯ ಮೂಲೆಯಲ್ಲಿ ನೀರು!" ಮನೆಯೊಡತಿ ಅಲ್ಲೇ ಕುಸಿದು ಕೂತರು. ಹತ್ತು ಸಾವಿರ ಲೀಟರಿನ ಸಂಪು, ಟೈಲ್ಸ್ ಸಮೇತ. ಯಜಮಾನರು ಬೇಲಿಯಾಚೆಯಿಂದ "ಕ್ಯಾಪ್ಟನ್ರೇ, ಒಂದು ನಿಮಿಷ ಬರ್ತೀರಾ?" ಎಂದು ಕರೆದರು.

ಹೋದೆ. ಯುಗಾದಿಯ ಹತ್ತಿರದ ದಿನಗಳು; ಸೂರ್ಯ ಹೆಚ್ಚುಕಡಿಮೆ ಸರಿಯಾಗಿ ಪೂರ್ವದಲ್ಲೇ ಹುಟ್ಟುವ ಕಾಲ. "ಈಗ ವಾದ ಬೇಡ, ನಾಳೆ ಬೆಳಗ್ಗೆ ಸೂರ್ಯನನ್ನೇ ಕೇಳೋಣ" ಎಂದೆ. ಮರುದಿನ ಆರೂವರೆಗೆ ಅದೇ ಅಂಗಳದಲ್ಲಿ ನಾಲ್ಕು ಜನ ನಿಂತೆವು. ಅಡಿಕೆ ತೋಟದ ತಲೆಯ ಮೇಲೆ ಸೂರ್ಯ ಕೆಂಪಗೆ ಎದ್ದ. ಫೋನನ್ನು ಆ ಕಡೆಗೆ ಹಿಡಿಸಿದೆ. ಫೋನಿನ ಪ್ರಕಾರ ಅಂದು ಸೂರ್ಯ ದಕ್ಷಿಣದಲ್ಲಿ ಹುಟ್ಟಿದ್ದ. ಯಾರೂ ಮಾತಾಡಲಿಲ್ಲ. ಕವರ್ ತೆಗೆಯಿರಿ ಎಂದೆ. ಅದರ ಅಂಚಿನಲ್ಲಿ, ಮುಚ್ಚಿದಾಗ ಟಪ್ ಎಂದು ಅಂಟಿಕೊಳ್ಳಲು ಇಟ್ಟಿದ್ದ ಉಗುರಿನಷ್ಟು ಕಾಂತ. ಕವರ್ ಕಳಚಿ, ಫೋನನ್ನು ನಾಲ್ಕು ಸಲ ಎಂಟರ ಆಕಾರದಲ್ಲಿ ತಿರುವಿದ ಮೇಲೆ ಸೂರ್ಯ ಪೂರ್ವಕ್ಕೆ ಬಂದ, ಸಂಪು ಈಶಾನ್ಯಕ್ಕೆ ಬಂತು, ಮನೆಯೊಡತಿಗೆ ಜೀವ ಬಂತು. ವಾಸ್ತುವಿನವರು ಎದೆಗುಂದಲಿಲ್ಲ. "ಲೋಹದೋಷ ಇತ್ತು, ಈಗ ಪರಿಹಾರ ಆಯಿತು" ಎಂದು ದಕ್ಷಿಣೆ ತೆಗೆದುಕೊಂಡೇ ಹೋದರು. ಆದರೆ ನನ್ನನ್ನು ಕಾಡಿದ್ದು ಬೇರೆ. ಆ ಮನೆಯವರೆಲ್ಲ ಅದೇ ಊರಿನಲ್ಲಿ ಹುಟ್ಟಿ ಬೆಳೆದವರು. ಸೂರ್ಯ ಯಾವ ತೋಟದ ಮೇಲೆ ಏಳುತ್ತಾನೆ ಎಂದು ಮನೆಯ ಮಗುವಿಗೂ ಗೊತ್ತಿತ್ತು. ಫೋನು ಹೇಳಿದ ಮೇಲೆ ಅದು ಯಾರಿಗೂ ನೆನಪಾಗಲಿಲ್ಲ.

ಕಾಂತದ ಈ ರಗಳೆಯೇ ಬೇಡವೆಂದು ಬಂದದ್ದು ಜೈರೊ ದಿಕ್ಸೂಚಿ. ಅದನ್ನು ಮಾಡಿದ ಜರ್ಮನಿಯ ಹರ್ಮನ್ ಅನ್‌ಶ್ಯೂಟ್ಸ್ ಓದಿದ್ದು ಕಲೆಯ ಇತಿಹಾಸ, ಹಂಬಲಿಸಿದ್ದು ಜಲಾಂತರ್ಗಾಮಿಯಲ್ಲಿ ಮಂಜಿನಡಿ ತೂರಿ ಉತ್ತರ ಧ್ರುವ ಮುಟ್ಟಲು. ಉಕ್ಕಿನ ಹೊಟ್ಟೆಯೊಳಗೆ ಕಾಂತದ ಮುಳ್ಳನ್ನು ನಂಬುವಂತಿಲ್ಲ. ಹಾಗಾಗಿ ಅವನು ಬುಗುರಿಯ ಮೊರೆ ಹೋದ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಭಾರದ ಬುಗುರಿಯನ್ನು ಸರಿಯಾಗಿ ತೂಗಿಬಿಟ್ಟರೆ, ಭೂಮಿಯ ತಿರುಗಾಟಕ್ಕೆ ಹೊಂದಿಕೊಂಡು ತಾನಾಗಿ ನಿಜವಾದ ಉತ್ತರಕ್ಕೆ ಮುಖ ಮಾಡಿ ನಿಲ್ಲುತ್ತದೆ. ಅವನು ಧ್ರುವ ಮುಟ್ಟಲಿಲ್ಲ, ಬುಗುರಿ ಎಲ್ಲ ಹಡಗುಗಳನ್ನೂ ಮುಟ್ಟಿತು. ಪೇಟೆಂಟಿಗಾಗಿ ಅವನಿಗೂ ಮೆಟಲ್ ಮೈಕ್‌ನ ಸ್ಪೆರ್ರಿಗೂ ಬರ್ಲಿನ್ನಿನಲ್ಲಿ ವ್ಯಾಜ್ಯ ನಡೆದಾಗ ನ್ಯಾಯಾಲಯ ತಜ್ಞನೆಂದು ಕರೆಸಿದ್ದು ಆಲ್ಬರ್ಟ್ ಐನ್‌ಸ್ಟೈನ್‌ನನ್ನು. ಬುಗುರಿ ಜಗಳ ಬಿಡಿಸಲು ಅಷ್ಟು ದೊಡ್ಡವರು ಬಂದದ್ದು ಅದೊಂದೇ ಸಲ ಇರಬೇಕು.

ಈ ಬುಗುರಿಯ ಗುಣ ಹೇಳಿದ ಮೇಲೆ ಅವಗುಣವನ್ನೂ ಹೇಳಬೇಕು. ಕೆಟ್ಟಾಗ ಅದು ಕೆಲವೊಮ್ಮೆ ಹಾಗೆಂದು ಹೇಳುವುದಿಲ್ಲ. ಪಣಂಬೂರಿನಲ್ಲಿ ತೈಲ ಇಳಿಸಿ, ಖಾಲಿ ಹಡಗು ಕೊಲ್ಲಿಯ ಕಡೆಗೆ ಹೊರಟಿತ್ತು. ಎರಡನೆಯ ರಾತ್ರಿ, ಆಟೋ ಹಾಕಿದ್ದೆವು, ದಾರಿ 306 ಡಿಗ್ರಿ. ಜೈರೊ 306 ಎನ್ನುತ್ತಿತ್ತು. ಚಕ್ರದ ಮುಂದಿನ ತಟ್ಟೆಯೂ 306 ಎನ್ನುತ್ತಿತ್ತು. ಟಿಕ್, ಟಿಕ್ ಎಂಬ ಸದ್ದು ಬಿಟ್ಟರೆ ಎಲ್ಲ ಶಾಂತ. ಜಿಪಿಎಸ್ ಇನ್ನೂ ಬರದ ಕಾಲ. ಅಧಿಕಾರಿ ನಕ್ಷೆಯ ಮೇಜಿನಲ್ಲಿ ಬರೆಯುತ್ತಿದ್ದರು, ನಾನು ಚಹಾ ಮಾಡುತ್ತಿದ್ದೆ. ಹೊರಗಿನ ಮೂಲೆಯಿಂದ ಮಾಮ ಒಳಗೆ ಇಣುಕಿದ.

"ತಮಾ, ಧ್ರುವ ಎಂತಕ್ಕೆ ಹಿಂದೆ ಹೋದ?"

ಹೊರಗೆ ಹೋದೆ. ಪಾಳಿಯ ಶುರುವಿಗೆ ಬಲಗಡೆ ಕ್ರೇನಿನ ಕಂಬದ ತುದಿಯಲ್ಲಿ ಕೂತಿದ್ದ ಧ್ರುವ ನಕ್ಷತ್ರ ಈಗ ಅಲ್ಲಿಂದ ಒಂದು ಗೇಣು ಹಿಂದಕ್ಕೆ ಬಂದಿತ್ತು. ಎಲ್ಲ ನಕ್ಷತ್ರ ಸರಿದರೂ ಧ್ರುವ ಸರಿಯುವವನಲ್ಲ. ಅಪ್ಪನ ತೊಡೆಯಿಂದ ಒಮ್ಮೆ ಎಬ್ಬಿಸಿದ ಮೇಲೆ ಇನ್ನು ಯಾರೂ ಎಬ್ಬಿಸಲಾರದ ಜಾಗದಲ್ಲಿ ಕೂತ ಹುಡುಗ ಅವನು. ಅವನು ಸರಿದಿಲ್ಲ ಎಂದರೆ ಸರಿದದ್ದು ನಾವು. ಅಧಿಕಾರಿ ಓಡಿ ಬಂದು ಕೊಳವೆಯ ಕನ್ನಡಿಯಲ್ಲಿ ಮೇಲಿನ ಕಾಂತದ ದಿಕ್ಸೂಚಿ ನೋಡಿದರು. ಎಲ್ಲ ಕೂಡಿ ಕಳೆದರೂ ಹನ್ನೆರಡು ಡಿಗ್ರಿ ವ್ಯತ್ಯಾಸ. ಬುಗುರಿ ಮೆಲ್ಲಮೆಲ್ಲನೆ ಜಾರುತ್ತಿತ್ತು, ಆಟೋ ನಿಷ್ಠೆಯಿಂದ ಅದರ ಹಿಂದೆ ಹೋಗುತ್ತಿತ್ತು.

"ದಾರಿ ತಪ್ಪಿದರೆ ಗಂಟೆ ಹೊಡೆಯಬೇಕಿತ್ತಲ್ಲ?" ಎಂದೆ. ಅಧಿಕಾರಿ ಕಹಿ ನಗು ನಕ್ಕರು. ಹಡಗು ದಾರಿ ತಪ್ಪಿತೋ ಇಲ್ಲವೋ ಎಂದು ಆ ಗಂಟೆ ಕೇಳುವುದು ಜೈರೊವನ್ನೇ! ಬೇಲಿಯೇ ಎದ್ದು ಹೊಲ ಮೇಯುವಾಗ, ಹೊಲ ಕ್ಷೇಮವೇ ಎಂದು ಬೇಲಿಯನ್ನೇ ಕೇಳಿದ ಹಾಗೆ. ಆ ರಾತ್ರಿ ಆಟೋ ತೆಗೆದು, ಕಾಂತದ ದಿಕ್ಸೂಚಿ ನೋಡಿಕೊಂಡು ಬೆಳಗಿನವರೆಗೆ ಮಾಮನೇ ಚಕ್ರ ಹಿಡಿದ. ಬಹಳ ದಿನಗಳ ಮೇಲೆ ಅವನ ಮುಖ ಅಗಲವಾಗಿತ್ತು.

ನಮ್ಮದು ಸಣ್ಣ ಕಥೆ. ದೊಡ್ಡದು ನಡೆದದ್ದು 1995ರ ಜೂನ್‌ನಲ್ಲಿ. 'ರಾಯಲ್ ಮೆಜೆಸ್ಟಿ' ಎಂಬ ವಿಹಾರದ ಹಡಗು 1,509 ಜನರನ್ನು ಹೊತ್ತು ಬರ್ಮುಡಾದಿಂದ ಬಾಸ್ಟನ್‌ಗೆ ಹೊರಟಿತು. ಹೊರಟು ಗಂಟೆಯಾಗುವುದರೊಳಗೆ ಜಿಪಿಎಸ್‌ನ ಆಂಟೆನಾ ತಂತಿ ಕಳಚಿಕೊಂಡಿತು. ಯಂತ್ರ ಆಕಾಶ ಬಿಟ್ಟು ಅಂದಾಜಿಗೆ ಇಳಿಯಿತು. ವೇಗ ಇಷ್ಟು, ದಿಕ್ಕು ಇದು, ಹಾಗಾದರೆ ಇಲ್ಲೇ ಇರಬೇಕು ಎಂಬ ಮನೆ ಲೆಕ್ಕ. ಹಾಗೆಂದು ಪರದೆಯ ಮೇಲೆ ಪುಟ್ಟ ಅಕ್ಷರಗಳಲ್ಲಿ ತಿಳಿಸಿಯೂ ಇತ್ತು, ಬ್ಯಾಂಕಿನವರು ಷರತ್ತು ತಿಳಿಸುವಷ್ಟು ಪುಟ್ಟದಾಗಿ. ಗಾಳಿಯೂ ಪ್ರವಾಹವೂ ಹಡಗನ್ನು ಪಕ್ಕಕ್ಕೆ ತಳ್ಳುತ್ತಲೇ ಇದ್ದವು. ಸುಮಾರು 34 ಗಂಟೆ ಅಧಿಕಾರಿಗಳು ಪಾಳಿ ಬದಲಿಸುತ್ತ ಸ್ಥಾನ ಪರೀಕ್ಷಿಸುತ್ತಲೇ ಇದ್ದರು, ಅದೇ ಜಿಪಿಎಸ್ ನೋಡಿ. ಸಮೀಪದ ಮೀನುಗಾರರು ಇದೇನು ಇಲ್ಲಿ ಬಂದಿರಿ ಎಂದು ರೇಡಿಯೊದಲ್ಲಿ ಕರೆದರೆ ಉತ್ತರ ಹೋಗಲಿಲ್ಲ. ಕಾಣಬೇಕಾದ ಒಂದು ತೇಲುಗುರುತು ಕಾಣದಿದ್ದರೂ, ಕಂಡಿತು ಎಂದೇ ಅಧಿಕಾರಿ ಕ್ಯಾಪ್ಟನ್‌ಗೆ ಹೇಳಿದ. ಯಂತ್ರ ಇಲ್ಲೇ ಇದ್ದೇವೆ ಎಂದ ಮೇಲೆ ಗುರುತು ಇರಲೇಬೇಕಲ್ಲ! ನೀರಿನ ಆಳ ಕಡಿಮೆಯಾದರೆ ಕೂಗುವ ಗಂಟೆಯನ್ನು ಸೊನ್ನೆ ಮೀಟರಿಗೆ ಇಟ್ಟಿದ್ದರು, ಅಂದರೆ ಹಡಗು ನೆಲ ಮುಟ್ಟಿದ ಮೇಲೆ ತಿಳಿಸು ಎಂದು. ಜೂನ್ 10ರ ರಾತ್ರಿ ನ್ಯಾಂಟಕೆಟ್ ದ್ವೀಪದ ಬಳಿಯ ಮರಳದಿಬ್ಬದ ಮೇಲೆ ಹಡಗು ಮೆಲ್ಲಗೆ ಕೂತಿತು. ದಾರಿಯಿಂದ 17 ಮೈಲಿ ಆಚೆ. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ.

ಎಲ್ಲ ಸಲ ಯಂತ್ರದ್ದೇ ತಪ್ಪು ಎನ್ನುವಂತಿಲ್ಲ. 1967ರ ಮಾರ್ಚ್ 18ರ ಬೆಳಗ್ಗೆ 'ಟೊರಿ ಕ್ಯಾನಿಯನ್' ಎಂಬ ಭಾರಿ ತೈಲ ಹಡಗು ಇಂಗ್ಲೆಂಡಿನ ನೈರುತ್ಯ ತುದಿಯ ಬಂಡೆಗಳ ಹತ್ತಿರ ತುರ್ತಾಗಿ ತಿರುಗಬೇಕಿತ್ತು. ಚಕ್ರ ತಿರುಗಿಸಿದರು, ಹಡಗು ತಿರುಗಲಿಲ್ಲ. ಚಕ್ರಕ್ಕೋ ಆಟೋಗೋ ಎಂದು ಆರಿಸುವ ಹಿಡಿಕೆ, ಚಕ್ರಕ್ಕೆ ಸಂಬಂಧವೇ ಇಲ್ಲದ ಜಾಗದಲ್ಲಿತ್ತು. ಏನೋ ಕೆಟ್ಟಿದೆಯೆಂದು ಕ್ಯಾಪ್ಟನ್ ಎಂಜಿನ್ ಕೋಣೆಗೆ ಫೋನ್ ಮಾಡಿದರೆ, ಆ ಕಥೆ ಬರೆದವರು ಹೇಳುವಂತೆ, ಅದು ಹೋಗಿ ಊಟದ ಕೋಣೆಗೆ ಬಡಿಯಿತು. ಎತ್ತಿದ ಪರಿಚಾರಕ ತಿಂಡಿ ಕೊಡಲೇ ಎಂದು ಕೇಳಿದ. ಹಿಡಿಕೆ ಕಣ್ಣಿಗೆ ಬೀಳುವಷ್ಟರಲ್ಲಿ ಹೊತ್ತು ಮೀರಿತ್ತು. ಸುಮಾರು 1.2 ಲಕ್ಷ ಟನ್ ತೈಲ ಕಡಲಿನ ಪಾಲು. 1978ರ ಮಾರ್ಚ್ 16ರಂದು 'ಅಮೊಕೊ ಕ್ಯಾಡಿಜ್' ಹಡಗಿನ ಚುಕ್ಕಾಣಿಯನ್ನು ತಿರುಗಿಸುವ ಯಂತ್ರವೇ ಮುರಿದು, ಫ್ರಾನ್ಸಿನ ಬ್ರಿಟನಿ ತೀರಕ್ಕೆ 2 ಲಕ್ಷ ಟನ್‌ಗೂ ಹೆಚ್ಚು ತೈಲ ಹರಿಯಿತು. ಆ ಮೇಲೆ ಅಂತರರಾಷ್ಟ್ರೀಯ ನಿಯಮ ಬಿಗಿಯಾಯಿತು. ಹಡಗು ಹೊರಡುವ ಮುನ್ನಿನ 12 ಗಂಟೆಯೊಳಗೆ ಚುಕ್ಕಾಣಿಯ ಪರೀಕ್ಷೆ. ಮೂರು ತಿಂಗಳಿಗೊಮ್ಮೆ, ಬ್ರಿಜ್ ಬಿಟ್ಟು ಹಿಂಬದಿಯ ಯಂತ್ರದ ಕೋಣೆಯಲ್ಲೇ ನಿಂತು ಕೈಯಿಂದ ಚುಕ್ಕಾಣಿ ತಿರುಗಿಸುವ ಅಭ್ಯಾಸ.

ಆ ಕೋಣೆ ಹಡಗಿನ ಬಾಲದಲ್ಲಿ, ಚುಕ್ಕಾಣಿಯ ನೆತ್ತಿಯ ಮೇಲೆ. ಎಣ್ಣೆಯ ವಾಸನೆ, ಬೆವರು, ಪಂಪುಗಳ ಅಬ್ಬರ. ಬ್ರಿಜ್‌ನಿಂದ ಫೋನಿನಲ್ಲಿ ಆಜ್ಞೆ ಬರಬೇಕು, ಅಲ್ಲಿದ್ದವರು ಪುಟ್ಟ ಗುಂಡಿಯನ್ನು ಕೈಯಿಂದ ಒತ್ತಿ ಇಡೀ ಹಡಗನ್ನು ತಿರುಗಿಸಬೇಕು. ನಾನು ಮೂರನೆಯ ಅಧಿಕಾರಿಯಾಗಿದ್ದಾಗ, ಒಂದು ಭಾನುವಾರದ ಬೆಳಗ್ಗೆ, ಬ್ರಿಜ್‌ನಿಂದ "ಪೋರ್ಟ್ ಟೆನ್" ಎಂದು ಕೂಗಿದೆ. ಆ ತುದಿಯಲ್ಲಿದ್ದದ್ದು ಹುಬ್ಬಳ್ಳಿಯ ಬತ್ತಿ ಸಾಬ್.

"ಏನಂದ್ರೀ?"

"ಪೋರ್ಟ್ ಟೆನ್!"

"ಪೂರಿನ್ರೀ? ಹತ್ತ ಯಾಕ್ರೀ, ನನಗ ನಾಕ ಸಾಕು!"

ಕ್ಯಾಪ್ಟನ್ ಕಣ್ಣು ಮುಚ್ಚಿಕೊಂಡರು. ಟೊರಿ ಕ್ಯಾನಿಯನ್‌ನ ತಿಂಡಿ ನೆನಪಾಗಿ ನನಗೆ ನಗು ತಡೆಯಲಾಗಲಿಲ್ಲ. ಆದರೆ ಅದೇ ಕೊನೆ. ಮುಂದಿನ ಅಭ್ಯಾಸದಿಂದ ಆ ಕೋಣೆಯಲ್ಲೂ, ಬತ್ತಿ ಸಾಬ್ ಆದಿಯಾಗಿ, ಹೇಳಿದ್ದನ್ನು ಎರಡು ಸಲ ಒಪ್ಪಿಸುವ ಮಗ್ಗಿ ಪದ್ಧತಿ ಬಂತು. ಮೊದಲ ದಿನ ನನಗೆ ಬಾಲಿಶ ಎನಿಸಿದ್ದ ಆ ಮಗ್ಗಿಯ ಅರ್ಥ ಅಂದು ಆಯಿತು. ಎರಡನೆಯ ಬಾಯಿ ಇರುವುದು ಮೊದಲ ಬಾಯಿಯನ್ನು ಪರೀಕ್ಷಿಸಲು. ಜೈರೊ ಇದ್ದರೂ ಕಾಂತದ ಮುಳ್ಳು, ಅದಿದ್ದರೂ ಸೂರ್ಯ, ಎಲ್ಲ ಇದ್ದರೂ ಮೂಲೆಯಲ್ಲಿ ಕತ್ತಲು ನೋಡುತ್ತ ನಿಂತ ಒಬ್ಬ ಮಾಮ. ಪೂರ್ತಿ ನಿಂತುಹೋದ ಯಂತ್ರಕ್ಕೆ ನಾನು ಹೆದರಿದವನಲ್ಲ. ಅದು ಪ್ರಾಮಾಣಿಕ, ಕೆಟ್ಟೆ ಎಂದು ಹೇಳಿ ಕೆಡುತ್ತದೆ. ಎಲ್ಲ ಸರಿಯಿದೆ ಎನ್ನುತ್ತಲೇ ದಾರಿ ಬಿಡುವುದಕ್ಕೆ ಹೆದರಬೇಕು. ಅದಕ್ಕೆ ಮದ್ದು ಒಂದೇ: ಸಾಕ್ಷಿಯನ್ನು ಅದರಿಂದಲೇ ಕೇಳಬಾರದು.

ಉಪಗ್ರಹಗಳಿಂದ ಸ್ಥಾನ ತಿಳಿಯುವ ಇಂದಿನ ಹಡಗುಗಳಲ್ಲೂ ಕರೆಂಟು ಬೇಡದ ಕಾಂತದ ದಿಕ್ಸೂಚಿ ಇರಲೇಬೇಕೆಂದು ನಿಯಮವಿದೆ. ಪಾಳಿಗೊಮ್ಮೆ ಯಾರೋ ಒಬ್ಬ ಹುಡುಗ ಸೂರ್ಯನನ್ನು ನೋಡಿ, ಚಾಕೊಲೇಟಿನ ಮಂತ್ರ ಹೇಳಿಕೊಂಡು, ಅದರ ತಪ್ಪನ್ನು ಈಗಲೂ ರಿಜಿಸ್ಟರಿನಲ್ಲಿ ಬರೆಯುತ್ತಾನೆ. ಜಾತ್ರಾ ಸಮಿತಿಯ ಹೊಸ ಅಧ್ಯಕ್ಷರು ಮೊನ್ನೆ ಸಿಕ್ಕಿದಾಗ, ಅಂಥ ಒಂದು ರಿಜಿಸ್ಟರ್ ನೀವೂ ಇಡಬಹುದು ಎಂದೆ. ಲೆಕ್ಕಪತ್ರದ ವಿಷಯ ಎಂದುಕೊಂಡು ಅವರು ಬೇಗ ಹೊರಟುಹೋದರು.

ನೀವು ಯಾವ ಚುಕ್ಕಾಣಿ ಹಿಡಿದಿದ್ದೀರೋ ನನಗೆ ಗೊತ್ತಿಲ್ಲ. ಸಂಪು ಒಡೆಸುವ ಮೊದಲು ಫೋನಿನ ಕವರ್ ತೆಗೆದು ನೋಡಿ. ಬೆಳಗ್ಗೆ ಒಮ್ಮೆ ಅಂಗಳಕ್ಕೂ ಬನ್ನಿ.